ಕಾರಿಗೆ ಸೈಲೆನ್ಸರ್ ಮತ್ತು ಎಕ್ಸಾಸ್ಟ್ ಪೈಪ್ ಅಳತೆ ಆರಿಸುವ ಕ್ರಮ

ತುಮಕೂರಿನ ಗ್ಯಾರೇಜುಗಳಿಗೆ ಸೈಲೆನ್ಸರ್ ಕೆಲಸಕ್ಕೆಂದು ಬರುವ ಕಾರುಗಳು ಸಾಮಾನ್ಯವಾಗಿ ಎರಡು ಬಗೆಯವು. ವರ್ಷಗಟ್ಟಲೆ ಓಡಿ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿರುವ, ಇಲ್ಲವೇ ಹಳ್ಳಿಯ ರಸ್ತೆಯ ಹಂಪಿಗೆ ತಗುಲಿ ಪೈಪ್ ಕಿತ್ತುಬಂದಿರುವ ಕಾರುಗಳು ಒಂದು ಬಗೆ. ಮಾಲೀಕರಿಗೆ ಪಿಕಪ್ ಸಾಲದೆನಿಸಿ, ದಪ್ಪ ಪೈಪ್ ಹಾಕಿಸಿದರೆ ಗಾಡಿ ಚೆನ್ನಾಗಿ ಎಳೆಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ತಂದ ಕಾರುಗಳು ಇನ್ನೊಂದು ಬಗೆ. ಎರಡೂ ಸಂದರ್ಭಗಳಲ್ಲಿ ಪೈಪಿನ ಅಳತೆ ಮತ್ತು ಸೈಲೆನ್ಸರ್ ಆಯ್ಕೆಯನ್ನು ಬೇರೆಬೇರೆಯಾಗಿ ನಿರ್ಧರಿಸುವುದು ಒಳ್ಳೆಯದು. ಪೈಪಿನ ಅಳತೆಯನ್ನು ಎಂಜಿನ್ನಿನ ಅಶ್ವಶಕ್ತಿ ನೋಡಿ ಆರಿಸಬೇಕು. ಸೈಲೆನ್ಸರನ್ನು ಕಾರು ಯಾವ ರಸ್ತೆಯಲ್ಲಿ, ಯಾವ ವೇಗದಲ್ಲಿ ಹೆಚ್ಚು ಓಡುತ್ತದೆಂಬುದನ್ನು ನೋಡಿ ಆರಿಸಬೇಕು. ಗಡುಸಾದ ಸದ್ದು ಬೇಕೆಂದು ಪೈಪ್ ದಪ್ಪ ಮಾಡಿಸುವುದು, ಪಿಕಪ್ ಬೇಕೆಂದು ಸೈಲೆನ್ಸರ್ ತೆಗೆಸುವುದು, ಇವೆರಡರಲ್ಲೂ ಹಣ ಹೋಗುತ್ತದೆಯೇ ಹೊರತು ಬೇಕಾದದ್ದು ಸಿಗುವುದಿಲ್ಲ.

ಮೊದಲು ಕಾರಿನ ಅಡಿಯಲ್ಲಿ ಏನೇನಿದೆ ಎಂಬುದನ್ನು ಮುಂದಿನಿಂದ ಹಿಂದಕ್ಕೆ ನೋಡೋಣ. ಎಂಜಿನ್ನಿನ ಸಿಲಿಂಡರುಗಳಿಂದ ಬರುವ ಹೊಗೆಯನ್ನು ಮ್ಯಾನಿಫೋಲ್ಡ್ ಒಂದುಗೂಡಿಸುತ್ತದೆ. ಅದಕ್ಕೆ ಅಂಟಿಕೊಂಡೇ, ಅಥವಾ ಸ್ವಲ್ಪ ಕೆಳಗೆ, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದರ ಹಿಂದೆ ಮುಂದೆ ಒಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಎಂಜಿನ್ ಅಲುಗಾಡುವಾಗ ಪೈಪ್ ಸೀಳದಂತೆ ತಂತಿ ಹೆಣಿಗೆಯ ಫ್ಲೆಕ್ಸಿಬಲ್ ಪೈಪ್ ಅದರ ನಂತರ ಬರುತ್ತದೆ. ಆಮೇಲೆ ನಡುವಿನ ಉದ್ದ ಪೈಪ್, ಅದರಲ್ಲೊಂದು ಚಿಕ್ಕ ಡಬ್ಬಿಯಂತೆ ಕಾಣುವ ರೆಸೊನೇಟರ್, ಕೊನೆಗೆ ಹಿಂದಿನ ಬಂಪರಿನ ಕೆಳಗೆ ದೊಡ್ಡ ಸೈಲೆನ್ಸರ್ ಮತ್ತು ಬಾಲದ ಪೈಪ್. ಈ ಬರಹದಲ್ಲಿ ಹೇಳುವ ಆಯ್ಕೆಗಳೆಲ್ಲ ಕನ್ವರ್ಟರ್ ದಾಟಿದ ಮೇಲಿನ ಭಾಗಕ್ಕೆ ಸಂಬಂಧಿಸಿದವು. ಕನ್ವರ್ಟರ್ ಮತ್ತು ಅದಕ್ಕಿಂತ ಮುಂದಿನ ಭಾಗಕ್ಕೆ ಕೈ ಹಾಕಬಾರದು. ಕನ್ವರ್ಟರ್ ತೆಗೆದು ಖಾಲಿ ಪೈಪ್ ಹಾಕಿದ ದಿನವೇ ಎರಡನೆಯ ಸೆನ್ಸರ್ ವ್ಯತ್ಯಾಸ ಗುರುತಿಸಿ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹೊತ್ತಿಸದಿದ್ದರೂ ಕೆಲವೇ ದಿನಗಳಲ್ಲಿ ಹೊತ್ತಿಸುತ್ತದೆ, ಎಮಿಷನ್ ಟೆಸ್ಟಿನಲ್ಲಿಯೂ ಗಾಡಿ ಸಿಕ್ಕಿಬೀಳುತ್ತದೆ.

ಪಿಕಪ್ ಕಡಿಮೆಯಾಗಿದೆ ಎಂಬ ದೂರಿದ್ದರೆ, ಪೈಪಿನ ಮಾತೆತ್ತುವ ಮೊದಲು ಈಗಿರುವ ವ್ಯವಸ್ಥೆ ಕಟ್ಟಿಕೊಂಡಿದೆಯೇ ಎಂದು ಪರೀಕ್ಷಿಸಬೇಕು. ದೇವರಾಯನದುರ್ಗದ ಏರಿನಲ್ಲಿ ಎರಡನೆಯ ಗೇರಿಗೆ ಇಳಿಸಿದರೂ ಎಂಜಿನ್ ಉಸಿರುಗಟ್ಟಿದಂತೆ ಒದ್ದಾಡುತ್ತಿದ್ದರೆ, ಆದರೆ ನಿಂತಲ್ಲಿ ಐಡಲಿನಲ್ಲಿ ನಯವಾಗಿ ಓಡುತ್ತಿದ್ದರೆ, ಕನ್ವರ್ಟರಿನ ಒಳಗಿನ ಜೇನುಗೂಡಿನಂಥ ಪಿಂಗಾಣಿ ಒಡೆದು ದಾರಿಗೆ ಅಡ್ಡ ಬಿದ್ದಿರಬಹುದು, ಇಲ್ಲವೇ ಸೈಲೆನ್ಸರಿನ ಒಳಗಿನ ತಗಡು ಕಳಚಿ ಬಾಯಿ ಮುಚ್ಚಿರಬಹುದು. ಇದನ್ನು ಪತ್ತೆ ಹಚ್ಚಲು ಅನುಭವಸ್ಥ ಮೆಕ್ಯಾನಿಕ್ ಮುಂದಿನ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಸಿಕ್ಕಿಸುತ್ತಾನೆ. ಈ ತೂತಿನ ಮರೆ (ಥ್ರೆಡ್) ಬಹುತೇಕ ಕಾರುಗಳಲ್ಲಿ 18 ಮಿ.ಮೀ. ಅಳತೆಯದು, ಅದಕ್ಕೆ ತಕ್ಕ ಅಡಾಪ್ಟರ್ ಸಿಗುತ್ತದೆ. ಐಡಲಿನಲ್ಲಿ ಗೇಜ್ ಒಂದೂವರೆ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒಳಗೆ, 2500 ಆರ್‌ಪಿಎಂನಲ್ಲಿ ಹಿಡಿದಾಗ 3 ಪಿಎಸ್‌ಐ ಒಳಗೆ ಇರಬೇಕು. ಅದಕ್ಕಿಂತ ಗಮನಾರ್ಹವಾಗಿ ಮೇಲೇರಿ, ಹಿಡಿದಷ್ಟು ಹೊತ್ತು ಏರುತ್ತಲೇ ಹೋದರೆ ದಾರಿಯಲ್ಲಿ ತಡೆಯಿದೆ ಎಂದೇ ಅರ್ಥ. ಆಗ ಬದಲಿಸಬೇಕಾದದ್ದು ಕಟ್ಟಿಕೊಂಡಿರುವ ಭಾಗವನ್ನು ಮಾತ್ರ. ಗೇಜಿನ ಅಂಕಿ ಸರಿಯಾಗಿಯೇ ಇದ್ದರೆ ತೊಂದರೆ ಕ್ಲಚ್, ಏರ್ ಫಿಲ್ಟರ್, ಇಂಜೆಕ್ಟರ್ ಇವುಗಳಲ್ಲೆಲ್ಲೋ ಇರುತ್ತದೆ. ಎಷ್ಟು ದಪ್ಪದ ಪೈಪ್ ಹಾಕಿದರೂ ಆ ಪಿಕಪ್ ಮರಳಿ ಬರುವುದಿಲ್ಲ.

ಇನ್ನು ಅಳತೆಯ ವಿಚಾರ. ಎಂಜಿನ್ನಿಗೆ ಒಂದಿಷ್ಟು ಹಿಮ್ಮುಖ ಒತ್ತಡ ಬೇಕೇ ಬೇಕು, ಇಲ್ಲದಿದ್ದರೆ ಕಡಿಮೆ ವೇಗದಲ್ಲಿ ಎಳೆತ ಹೋಗುತ್ತದೆ ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಅದು ಸರಿಯಲ್ಲ; ಹಿಮ್ಮುಖ ಒತ್ತಡ ಯಾವ ಎಂಜಿನ್ನಿಗೂ ಒಳ್ಳೆಯದಲ್ಲ. ಪಿಸ್ಟನ್ ಆ ಒತ್ತಡದ ವಿರುದ್ಧ ಹೊಗೆಯನ್ನು ತಳ್ಳಬೇಕಾಗುತ್ತದೆ. ಎಂಜಿನ್ನಿಗೆ ಬೇಕಾದದ್ದು ಹೊಗೆಯ ವೇಗ. ವೇಗವಾಗಿ ಓಡುವ ಹೊಗೆ ತನ್ನ ಹಿಂದೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಸೆಳೆದುಕೊಳ್ಳುತ್ತದೆ. ಪೈಪ್ ಅಗತ್ಯಕ್ಕಿಂತ ಅಗಲವಾದಾಗ ಹೊಗೆ ನಿಧಾನವಾಗುತ್ತದೆ, ತಣ್ಣಗಾಗುತ್ತದೆ, ಆ ಸೆಳೆತ ಸಡಿಲವಾಗುತ್ತದೆ. ಆದರೆ ಈ ಸೆಳೆತದ ಬಹುಪಾಲು ಮ್ಯಾನಿಫೋಲ್ಡಿನಲ್ಲೇ ಮುಗಿದಿರುವುದರಿಂದ, ಕನ್ವರ್ಟರ್ ದಾಟಿದ ಮೇಲೆ ಪೈಪ್ ಸ್ವಲ್ಪ ದೊಡ್ಡದಾದರೆ ಎಳೆತಕ್ಕೆ ಆಗುವ ನಷ್ಟವೂ ಅಲ್ಪ, ಲಾಭವೂ ಅಲ್ಪ. ಹೆಚ್ಚಾಗುವುದು ಸದ್ದು ಮತ್ತು ತೂಕ ಮಾತ್ರ. ಇದು ನನ್ನ ಅಭಿಪ್ರಾಯದಲ್ಲಿ ದಪ್ಪ ಪೈಪಿನ ವಿರುದ್ಧ ಇರುವ ದೊಡ್ಡ ವಾದ. ಅದು ಗಾಡಿಯನ್ನು ಕೆಡಿಸುತ್ತದೆ ಎನ್ನುವುದಕ್ಕಿಂತ, ಕೊಟ್ಟ ಹಣಕ್ಕೆ ತಕ್ಕದ್ದನ್ನು ಕೊಡುವುದಿಲ್ಲ.

ಎಷ್ಟು ಅಗಲ ಬೇಕೆಂಬುದಕ್ಕೆ ಎಂಜಿನ್ ಟ್ಯೂನ್ ಮಾಡುವವರು ಬಳಸುತ್ತ ಬಂದಿರುವ ಒಂದು ಸ್ಥೂಲ ಲೆಕ್ಕವಿದೆ. ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 2.2 ಘನ ಅಡಿ ಹೊಗೆ ಹೊರಬರುತ್ತದೆಂದೂ, ಒಂದು ಚದರ ಇಂಚು ಪೈಪ್ ಬಾಯಿಯಲ್ಲಿ ನಿಮಿಷಕ್ಕೆ ಸುಮಾರು 115 ಘನ ಅಡಿ ಹೊಗೆ ತೊಂದರೆಯಿಲ್ಲದೆ ಹರಿಯುತ್ತದೆಂದೂ ಅದು ಹೇಳುತ್ತದೆ. ನಮ್ಮ ಅಳತೆಗೆ ತಂದರೆ ಒಂದು ಅಶ್ವಶಕ್ತಿಗೆ ಸುಮಾರು 12.3 ಚದರ ಮಿ.ಮೀ. ಒಳಬಾಯಿ ಬೇಕಾಗುತ್ತದೆ. ಕೊಳವೆಬಾವಿಯ ಮೋಟರ್ ಎಷ್ಟು ಎಚ್‌ಪಿ ಎಂದು ನೋಡಿ ತೋಟದ ಪೈಪ್ ಆರಿಸುವ ತಿಪಟೂರಿನ ರೈತರಿಗೆ ಈ ಕ್ರಮವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಾರುತಿಯ ಹಳೆಯ ನಾಲ್ಕು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಎಂಜಿನ್ ಇರುವ ಸ್ವಿಫ್ಟ್ ಕಾರಿನ ಶಕ್ತಿ ಸುಮಾರು 83 ಅಶ್ವಶಕ್ತಿ. ಅದನ್ನು 12.3ರಿಂದ ಗುಣಿಸಿದರೆ ಸುಮಾರು 1020 ಚದರ ಮಿ.ಮೀ.; ಅಂದರೆ ಒಳವ್ಯಾಸ 36 ಮಿ.ಮೀ. ಪೈಪಿನ ತಗಡು ಒಂದೂವರೆ ಮಿ.ಮೀ. ದಪ್ಪವಿದ್ದರೆ, ಒಂದೂವರೆ ಇಂಚಿನ ಪೈಪಿನ ಒಳವ್ಯಾಸ 35 ಮಿ.ಮೀ. ಆಗಿ ಅಂಚಿನಲ್ಲಿ ನಿಲ್ಲುತ್ತದೆ, ಒಂದೂಮುಕ್ಕಾಲು ಇಂಚಿನದು 41 ಮಿ.ಮೀ. ದಾಟಿ ಧಾರಾಳವಾಗಿ ಸಾಲುತ್ತದೆ. ಇದೇ ಕಾರಿಗೆ ಎರಡೂವರೆ ಇಂಚಿನ ಪೈಪ್ ಹಾಕಿಸಿದರೆ ಒಳಬಾಯಿ ಸುಮಾರು 2875 ಚದರ ಮಿ.ಮೀ. ಆಗುತ್ತದೆ, ಬೇಕಾದದ್ದರ ಎರಡೂಮುಕ್ಕಾಲು ಪಟ್ಟಿಗಿಂತ ಹೆಚ್ಚು. 120 ಅಶ್ವಶಕ್ತಿಯ ಆಸುಪಾಸಿನ 1.5 ಲೀಟರ್ ಸೆಡಾನಿಗೆ 43 ಮಿ.ಮೀ.ಗಿಂತ ಸ್ವಲ್ಪ ಹೆಚ್ಚಿನ ಒಳವ್ಯಾಸ ಬೇಕು, ಎರಡು ಇಂಚಿನ ಪೈಪ್ ಅದಕ್ಕೆ ಸರಿ. ಎರಡೂವರೆ ಇಂಚು ನ್ಯಾಯವಾಗಿ ಬೇಕಾಗುವುದು 200 ಅಶ್ವಶಕ್ತಿಯ ಹತ್ತಿರಕ್ಕೆ ಬಂದಾಗ. ಲೆಕ್ಕ ಎರಡು ಅಳತೆಗಳ ನಡುವೆ ನಿಂತರೆ, ಓಡಾಟ ಹೆಚ್ಚಾಗಿ ಊರೊಳಗಿನವರು ಚಿಕ್ಕದನ್ನು, ಹೆದ್ದಾರಿಯವರು ದೊಡ್ಡದನ್ನು ಆರಿಸಿಕೊಳ್ಳಬಹುದು.

ಟರ್ಬೊ, ಅಂದರೆ ಹೊಗೆಯ ಬಲದಿಂದಲೇ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ ಇರುವ ಎಂಜಿನ್ನುಗಳ ಕಥೆ ಸ್ವಲ್ಪ ಬೇರೆ. ಹೊಗೆಯ ಮಿಡಿತಗಳನ್ನು ಟರ್ಬೈನ್ ಚಕ್ರವೇ ಒಡೆದು ಹಾಕುವುದರಿಂದ ಅದರ ನಂತರ ಸೆಳೆತದ ಲಾಭ ಉಳಿದಿರುವುದಿಲ್ಲ. ಅಲ್ಲಿ ತಡೆ ಕಡಿಮೆಯಾದಷ್ಟೂ ಟರ್ಬೊ ಬೇಗ ತಿರುಗುತ್ತದೆ. ಆದ್ದರಿಂದ ಟರ್ಬೊ ಕಾರಿಗೆ ಲೆಕ್ಕದಲ್ಲಿ ಬಂದ ಅಳತೆಗಿಂತ ಒಂದು ಮೆಟ್ಟಿಲು ದೊಡ್ಡ ಪೈಪ್ ಹಾಕಿದರೆ ಹಾನಿಯಿಲ್ಲ. ಸದ್ದನ್ನೂ ಟರ್ಬೈನ್ ಒಂದಿಷ್ಟು ನುಂಗುವುದರಿಂದ ಸೈಲೆನ್ಸರ್ ಸರಳವಾಗಿದ್ದರೂ ನಡೆಯುತ್ತದೆ. ಆದರೆ 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಅದರ ಒತ್ತಡ ಅಳೆಯುವ ಸೆನ್ಸರ್, ಉಷ್ಣತೆಯ ಸೆನ್ಸರುಗಳೆಲ್ಲ ಪೈಪಿನ ಮೇಲೆಯೇ ಕೂತಿರುತ್ತವೆ. ಅಂಥ ಕಾರಿನಲ್ಲಿ ಹಿಂದಿನ ಸೈಲೆನ್ಸರ್ ಹೊರತು ಬೇರೆ ಯಾವುದನ್ನೂ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮುಟ್ಟಿಸಬೇಡಿ.

ಅಳತೆ ಹಿಡಿಯುವಾಗ ಒಂದು ಗೊಂದಲ ಪದೇ ಪದೇ ಆಗುತ್ತದೆ. ಅಂಗಡಿಯಲ್ಲಿ ಪೈಪಿಗೆ ಹೇಳುವ ಇಂಚು ಹೊರವ್ಯಾಸದ್ದು. ಸೈಲೆನ್ಸರಿನ ಬಾಯಿಗೆ ಹೇಳುವುದು ಸಾಮಾನ್ಯವಾಗಿ ಒಳವ್ಯಾಸದ್ದು, ಏಕೆಂದರೆ ಪೈಪ್ ಅದರೊಳಗೆ ಕೂರಬೇಕು. ಈ ವ್ಯತ್ಯಾಸ ಕೇಳದೆ ಕೊಂಡರೆ ಎರಡೂ ಒಂದೇ ಅಂಕಿಯವಾಗಿದ್ದರೂ ಒಂದಕ್ಕೊಂದು ಕೂರದೆ ಹೋಗಬಹುದು. ವರ್ನಿಯರ್ ಇದ್ದರೆ ನೇರ ಅಳೆಯಿರಿ. ಇಲ್ಲದಿದ್ದರೆ ಪೈಪಿನ ಸುತ್ತ ದಾರ ಸುತ್ತಿ ಅದರ ಉದ್ದವನ್ನು 3.14ರಿಂದ ಭಾಗಿಸಿದರೆ ಹೊರವ್ಯಾಸ ಸಿಗುತ್ತದೆ. ತುಕ್ಕಿನ ಪದರವನ್ನು ಉಜ್ಜಿ ತೆಗೆದು, ಬಾಗಿಲ್ಲದ ನೇರ ಭಾಗದಲ್ಲಿ ಅಳೆಯಬೇಕು.

ಬಾಗುಗಳೂ ಲೆಕ್ಕಕ್ಕೆ ಬರುತ್ತವೆ. ಅಗ್ಗದ ಯಂತ್ರದಲ್ಲಿ ಒತ್ತಿ ಬಗ್ಗಿಸಿದ ಪೈಪ್ ತಿರುವಿನ ಒಳಮಗ್ಗುಲಲ್ಲಿ ಸುಕ್ಕುಗಟ್ಟಿ ಚಪ್ಪಟೆಯಾಗುತ್ತದೆ. ಎರಡು ಇಂಚಿನ ಪೈಪ್ ಆ ಜಾಗದಲ್ಲಿ ಒಂದೂಮುಕ್ಕಾಲಿಗೂ ಕಡಿಮೆಯಾದೀತು. ಒಳಗೆ ಅಚ್ಚು ಇಟ್ಟು ಬಗ್ಗಿಸಿದ ಮ್ಯಾಂಡ್ರೆಲ್ ಬೆಂಡ್ ತಿರುವಿನಲ್ಲೂ ಅಗಲ ಉಳಿಸಿಕೊಳ್ಳುತ್ತದೆ. ಅಂಥ ಬೆಂಡ್ ಹತ್ತಿರದಲ್ಲಿ ಸಿಗದಿದ್ದರೆ, ಸಿದ್ಧ ಬೆಂಡ್ ತುಂಡುಗಳನ್ನು ತರಿಸಿ ನೇರ ಪೈಪಿಗೆ ವೆಲ್ಡ್ ಮಾಡಿಸುವುದು ಒತ್ತಿ ಬಗ್ಗಿಸುವುದಕ್ಕಿಂತ ಮೇಲು. ಬೆರಳನ್ನು ಬೆಂಡಿನ ಒಳಮಗ್ಗುಲಿನ ಮೇಲೆ ಸರಿಸಿ ನೋಡಿದರೆ ಸುಕ್ಕು ಇದೆಯೇ ಇಲ್ಲವೇ ತಕ್ಷಣ ತಿಳಿಯುತ್ತದೆ.

ಈಗ ಸೈಲೆನ್ಸರಿಗೆ ಬರೋಣ. ಒಳಗೆ ಗೋಡೆಗಳಿಂದ ಕೋಣೆಗಳನ್ನು ಮಾಡಿ, ಹೊಗೆಯನ್ನು ಹಿಂದೆ ಮುಂದೆ ತಿರುಗಿಸಿ, ಸದ್ದಿನ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುವಂತೆ ಮಾಡುವುದು ಒಂದು ಬಗೆ. ಕಂಪನಿಯಿಂದ ಬರುವ ಬಹುತೇಕ ಸೈಲೆನ್ಸರುಗಳು ಈ ಬಗೆಯವು, ತಗ್ಗಿನ ಗುಡುಗನ್ನು ಇವು ಚೆನ್ನಾಗಿ ಅಡಗಿಸುತ್ತವೆ. ಇನ್ನೊಂದು ಬಗೆಯಲ್ಲಿ ತೂತುತೂತಾದ ನೇರ ಪೈಪ್ ಡಬ್ಬಿಯ ನಡುವೆ ಹಾದುಹೋಗಿರುತ್ತದೆ, ಅದರ ಸುತ್ತ ಗಾಜಿನ ನಾರು ಅಥವಾ ಉಕ್ಕಿನ ನಾರು ತುಂಬಿರುತ್ತದೆ. ಇದರಲ್ಲಿ ಹೊಗೆಗೆ ತಡೆ ತೀರಾ ಕಡಿಮೆ. ಕೀರಲು ಸದ್ದು ಅಡಗುತ್ತದೆ, ಗುಡುಗು ಮಾತ್ರ ಹಾಗೇ ಹೊರಬರುತ್ತದೆ. ನಾರು ಸುಟ್ಟು ಕಳಚುತ್ತ ಹೋದಂತೆ ಸದ್ದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ಇದನ್ನು ಮಾರುವವರು ಹೇಳುವುದು ಕಡಿಮೆ. ಯಾವ ಬಗೆಯಾದರೂ ಡಬ್ಬಿ ದೊಡ್ಡದಿದ್ದಷ್ಟೂ ಸದ್ದು ಕಡಿಮೆ. ಎಂಜಿನ್ ಸಾಮರ್ಥ್ಯದ ಸುಮಾರು ಹತ್ತು ಪಟ್ಟು ಹೊಟ್ಟೆ ಇರುವ ಸೈಲೆನ್ಸರ್, ಅಂದರೆ 1.2 ಲೀಟರ್ ಎಂಜಿನ್ನಿಗೆ 12 ಲೀಟರ್ ಹಿಡಿಸುವಷ್ಟು ದೊಡ್ಡದು, ನೆಮ್ಮದಿಯ ಅಳತೆ. ಅಂಗೈಯಗಲದ ಹೊಳೆಯುವ ಡಬ್ಬಿಗಳು ಇದರ ಕಾಲು ಭಾಗಕ್ಕೂ ಬರುವುದಿಲ್ಲ.

ಬೆಂಗಳೂರಿಗೆ ದಿನವೂ ಓಡಾಡುವವರು ಇನ್ನೊಂದು ವಿಚಾರ ಗಮನಿಸಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 2700 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 90 ಮಿಡಿತ. ದಾಬಸ್‌ಪೇಟೆಯಿಂದ ನೆಲಮಂಗಲದವರೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಈ 90 ಹರ್ಟ್ಜ್ ಗುಂಯ್‌ಗುಡುವಿಕೆ ಕಾರಿನ ಒಳಗೆ ತುಂಬಿಕೊಂಡು ತಲೆನೋವು ತರಿಸುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಅದೇ ಆರ್‌ಪಿಎಂಗೆ ಮಿಡಿತ ಸುಮಾರು 67, ಇನ್ನೂ ತಗ್ಗಿನ ಸದ್ದು, ಅಡಗಿಸುವುದು ಇನ್ನೂ ಕಷ್ಟ. ಮುಖ್ಯ ಪೈಪಿಗೆ ಒಂದು ತುದಿ ಮುಚ್ಚಿದ ಕವಲು ಪೈಪ್ ಸೇರಿಸಿ ಇದನ್ನು ಅಳಿಸಬಹುದು. ಅದರ ಉದ್ದ ಸದ್ದಿನ ಅಲೆಯ ಉದ್ದದ ಕಾಲು ಭಾಗವಿರಬೇಕು. 300 ಡಿಗ್ರಿ ಉಷ್ಣತೆಯ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 480 ಮೀಟರ್ ಸಾಗುವುದರಿಂದ 90 ಹರ್ಟ್ಜ್‌ಗೆ ಆ ಕವಲು 1.33 ಮೀಟರ್ ಉದ್ದವಾಗುತ್ತದೆ. ಚಿಕ್ಕ ಕಾರಿನ ಅಡಿಯಲ್ಲಿ ಅಷ್ಟು ಜಾಗ ಸಿಗುವುದು ದುಸ್ತರ, ಆದ್ದರಿಂದಲೇ ಕಂಪನಿಗಳು ನಡುವೆ ರೆಸೊನೇಟರ್ ಡಬ್ಬಿ ಕೂರಿಸುತ್ತವೆ. ಕೆಲಸ ಮಾಡುವವರು "ಇದು ಯಾಕೆ ಸಾರ್, ಸುಮ್ಮನೆ ಪೈಪ್ ಎಳೆದುಬಿಡೋಣ" ಎಂದು ರೆಸೊನೇಟರ್ ತೆಗೆಯಲು ಹೊರಟರೆ ಒಪ್ಪಬೇಡಿ.

ಲೋಹದ ಆಯ್ಕೆಯಲ್ಲಿ ನೀರಿನ ಪಾತ್ರವನ್ನು ಅನೇಕರು ಮರೆಯುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಹುಟ್ಟುತ್ತದೆ. ದೂರ ಓಡುವ ಕಾರಿನಲ್ಲಿ ಅದು ಹೊರಗೆ ಹಾರಿಹೋಗುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ತರಕಾರಿ ಅಂಗಡಿಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ನೀರು ಅದರ ಹೊಟ್ಟೆಯಲ್ಲೇ ನಿಲ್ಲುತ್ತದೆ. ಕಡಿಮೆ ಓಡಿದ ಕಾರಿನ ಸೈಲೆನ್ಸರ್ ಒಳಗಿನಿಂದ ಕೊಳೆತು ಬೇಗ ತೂತಾಗುವುದಕ್ಕೆ ಇದೇ ಕಾರಣ. ಅನೇಕ ಸೈಲೆನ್ಸರುಗಳ ಅಡಿಯಲ್ಲಿ ನೀರು ಬಸಿಯಲು ಒಂದು ಸಣ್ಣ ತೂತನ್ನು ತಯಾರಕರೇ ಇಟ್ಟಿರುತ್ತಾರೆ; ಅಲ್ಲಿಂದ ಹನಿ ಬೀಳುವುದನ್ನು ಕಂಡು ಲೀಕ್ ಎಂದು ವೆಲ್ಡ್ ಮಾಡಿ ಮುಚ್ಚಿಸಬಾರದು. ಸಾದಾ ಕಬ್ಬಿಣದ ಪೈಪ್ ಅಗ್ಗ, ಆದರೆ ಬಾಳಿಕೆ ಕಡಿಮೆ. ಅಲ್ಯುಮಿನಿಯಂ ಲೇಪನದ ಉಕ್ಕು ಅದಕ್ಕಿಂತ ಉತ್ತಮ. ಸ್ಟೇನ್‌ಲೆಸ್ ಉಕ್ಕಿನ 409 ದರ್ಜೆ ಮೇಲ್ಮೈಯಲ್ಲಿ ಕೆಂಪು ತುಕ್ಕು ತೋರಿದರೂ ಬಹುಕಾಲ ಬಾಳುತ್ತದೆ, ಬೆಲೆಗೂ ಬಾಳಿಕೆಗೂ ಹೊಂದುವ ಆಯ್ಕೆ ಇದೇ ಎಂದು ನನಗನಿಸುತ್ತದೆ. 304 ಇನ್ನೂ ಮೇಲು, ಬೆಲೆಯೂ ಮೇಲು. 304 ಎಂದು ಹೇಳಿ ಬೇರೆಯದನ್ನು ಕೊಡುತ್ತಿದ್ದಾರೆಂಬ ಅನುಮಾನವಿದ್ದರೆ ಆಯಸ್ಕಾಂತ ಹಿಡಿದು ನೋಡಿ. 409 ಗಟ್ಟಿಯಾಗಿ ಅಂಟುತ್ತದೆ, 304 ಬಹುತೇಕ ಅಂಟುವುದಿಲ್ಲ. ತಗಡಿನ ದಪ್ಪ 1.2ರಿಂದ 1.5 ಮಿ.ಮೀ. ಸಾಕು.

ಪೈಪ್ ಹಾಯಿಸುವ ದಾರಿಯನ್ನು ಕಂಪನಿ ಕೊಟ್ಟಂತೆಯೇ ಉಳಿಸಿಕೊಳ್ಳುವುದು ಕ್ಷೇಮ. ಕೊರಟಗೆರೆ, ಪಾವಗಡದ ಕಡೆಯ ಎತ್ತರದ ಹಂಪುಗಳನ್ನು ಬಲ್ಲವರಿಗೆ, ಅರ್ಧ ಇಂಚು ದಪ್ಪ ಹೆಚ್ಚಾದ ಪೈಪ್ ಅಷ್ಟೇ ಕೆಳಗೆ ಜೋತುಬೀಳುತ್ತದೆಂಬುದನ್ನು ಹೇಳಬೇಕಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಎಕ್ಸಾಸ್ಟ್ ಪೈಪ್ ಇಂಧನದ ಪೈಪಿನಿಂದ 35 ಮಿ.ಮೀ. ಒಳಗೆ ಇರಕೂಡದು. ಬ್ರೇಕ್ ಹೋಸ್, ಸ್ಟೆಪ್ನಿ ಟೈರು, ಸಿಎನ್‌ಜಿ ಸಿಲಿಂಡರ್ ಇವುಗಳಿಂದಲೂ ಅಂತರ ಬೇಕು. ಬಿಸಿಯಾದಾಗ ಪೈಪ್ ಬೆಳೆಯುತ್ತದೆ: 300 ಡಿಗ್ರಿ ಏರಿದರೆ ಒಂದು ಮೀಟರ್ ಸಾದಾ ಉಕ್ಕು ಮೂರೂವರೆ ಮಿ.ಮೀ.ನಷ್ಟು, 304 ಸುಮಾರು ಐದು ಮಿ.ಮೀ. ಉದ್ದವಾಗುತ್ತದೆ. ಆದ್ದರಿಂದ ಪೈಪನ್ನು ಕಂಪನಿಯ ರಬ್ಬರ್ ಹ್ಯಾಂಗರುಗಳಲ್ಲೇ ತೂಗುಬಿಡಬೇಕು. ಕಬ್ಬಿಣದ ಪಟ್ಟಿಯಿಂದ ಬಾಡಿಗೆ ನೇರ ವೆಲ್ಡ್ ಮಾಡಿಸಿದರೆ ಬೆಸುಗೆ ಬಿರಿಯುತ್ತದೆ, ಅದಿರುವಷ್ಟು ದಿನ ಕಾರೆಲ್ಲ ನಡುಗುತ್ತದೆ.

ಕಾನೂನನ್ನು ಚಿಕ್ಕದಾಗಿ ಹೇಳುವುದಾದರೆ, ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಂ ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಅಂಥ ಪ್ರತಿಯೊಂದು ಮಾರ್ಪಾಟಿಗೆ ಮಾಲೀಕರಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಇವೆ. ಸದ್ದು ಮತ್ತು ಹೊಗೆಯ ಮಾನದಂಡ ಮೀರಿದರೆ 190ನೆಯ ಕಲಮಿನಡಿ ದಂಡ 10,000 ರೂಪಾಯಿವರೆಗೆ ಹೋಗುತ್ತದೆ, ಮೂರು ತಿಂಗಳು ಲೈಸೆನ್ಸಿಗೂ ಕುತ್ತು. ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಅಂಥ ಸ್ಥಳಗಳು ಎಷ್ಟಿವೆ ಎಂಬುದನ್ನು ಓದುಗರೇ ಬಲ್ಲರು. ಆದ್ದರಿಂದ ಬದಲಿಗೆ ಹಾಕಿಸುವ ಸೈಲೆನ್ಸರ್ ಕಂಪನಿಯದ್ದೇ ಆಗಿರಲಿ, ಇಲ್ಲವೇ ಒಳರಚನೆ, ಹೊಟ್ಟೆಯ ಗಾತ್ರ, ಪೈಪಿನ ಅಳತೆ ಮೂರರಲ್ಲೂ ಕಂಪನಿಯದ್ದಕ್ಕೆ ಸರಿಸಮವಾಗಿರಲಿ.

ಕೆಲಸ ಶುರುವಾಗುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಸಿ. ಆರ್ಕ್ ವೆಲ್ಡಿಂಗಿನ ವಿದ್ಯುತ್ ಕಾರಿನ ಕಂಪ್ಯೂಟರನ್ನು ಸುಡಬಲ್ಲದು. ಸಾಧ್ಯವಾದರೆ ಪೈಪನ್ನು ಕೆಳಗಿಳಿಸಿಯೇ ವೆಲ್ಡ್ ಮಾಡಿಸುವುದು ಇನ್ನೂ ಒಳ್ಳೆಯದು. ಫ್ಲ್ಯಾಂಜ್ (ಎರಡು ಪೈಪುಗಳನ್ನು ಬೋಲ್ಟಿನಿಂದ ಜೋಡಿಸುವ ಅಂಚುಪಟ್ಟಿ) ಬಿಚ್ಚಿದ ಮೇಲೆ ಹಳೆಯ ಗ್ಯಾಸ್ಕೆಟನ್ನು ಮತ್ತೆ ಹಾಕಬಾರದು. ಸೆನ್ಸರಿಗಿಂತ ಮುಂದೆ ಕೂದಲೆಳೆಯಷ್ಟು ಸೀಳಿದ್ದರೂ ಹೊರಗಿನ ಗಾಳಿ ಒಳಸೇರಿ, ಸೆನ್ಸರ್ ಅದನ್ನು ಇಂಧನದ ಕೊರತೆ ಎಂದು ತಪ್ಪಾಗಿ ಓದಿ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಇಳಿದ ಕಾರಣ ತಿಂಗಳುಗಟ್ಟಲೆ ತಿಳಿಯುವುದಿಲ್ಲ. ಜೋಡಣೆ ಮುಗಿದ ಮೇಲೆ ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ, ಬಾಲದ ಪೈಪಿನ ಬಾಯಿಗೆ ದಪ್ಪ ಬಟ್ಟೆಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಪ್ರತಿ ಜೋಡಣೆಗೂ ಸೋಪಿನ ನೀರು ಸವರಿಸಿ ಗುಳ್ಳೆ ಬರುತ್ತದೆಯೇ ನೋಡಿ. ಬಾಲದ ಪೈಪ್ ಬಂಪರಿನಿಂದ ಹೊರಗೆ ಚಾಚಿರಬೇಕು. ಬಂಪರಿನ ಅಡಿಯಲ್ಲೇ ಕೊನೆಗೊಂಡರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಡಿಕ್ಕಿಯ ಬಾಗಿಲ ಸಂದಿನಿಂದ ಒಳಗೆ ಬರಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಹಾಗೆಯೇ ಎಮಿಷನ್ ಟೆಸ್ಟನ್ನೂ ಮಾಡಿಸಿಕೊಳ್ಳಿ.

ಬಿಚ್ಚಿದ ಹಳೆಯ ಸಾಮಾನನ್ನು ಗ್ಯಾರೇಜಿನಲ್ಲೇ ಬಿಟ್ಟು ಬರುವುದು ನಮ್ಮಲ್ಲಿ ವಾಡಿಕೆ. ತೂತು ಬಿದ್ದ ಸೈಲೆನ್ಸರಿಗೆ ಗುಜರಿಯ ಬೆಲೆಯಷ್ಟೇ ಸಿಗುತ್ತದೆ. ಕನ್ವರ್ಟರ್ ಬದಲಿಸಬೇಕಾಗಿ ಬಂದಿದ್ದರೆ ಮಾತ್ರ ಹಳೆಯದನ್ನು ಕೇಳಿ ಪಡೆಯಿರಿ, ಅಥವಾ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ; ಅದರ ಒಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪನವಿರುತ್ತದೆ.